ಕೊನೆಯ ಕಾಲು ಸುತ್ತು

ಬೋಲ್ಟು ಬಿಗಿಯಾಗುತ್ತಾ ಹೋದಂತೆ ಅಂಗೈಗೆ ಒಂದು ಧೈರ್ಯ ಬರುತ್ತದೆ. ಮೊದಲ ಸುತ್ತುಗಳೆಲ್ಲ ಹಗುರ. ಆಮೇಲೆ ತುಸು ತಡೆ, ಮತ್ತೆ ಇನ್ನಷ್ಟು ತಡೆ. ಬಿಗಿತ ಮಣಿಕಟ್ಟಿನಿಂದ ಮೊಳಕೈವರೆಗೆ ಏರುತ್ತದೆ. ಆಯಿಲ್ ಸೋರದ ಹಾಗೆ ಇನ್ನೊಂಚೂರು, ಇನ್ನೊಂದೇ ಒಂದು ಕಾಲು ಸುತ್ತು ಎಂದುಕೊಳ್ಳುವಾಗ ಆ ತಡೆ ಇದ್ದಕ್ಕಿದ್ದಂತೆ ಇಲ್ಲವಾಗುತ್ತದೆ. ಮುರಿದ ಸದ್ದೇನೂ ಕೇಳುವುದಿಲ್ಲ. ಬೆಣ್ಣೆಯೊಳಗೆ ಕಡ್ಡಿ ಆಡಿಸಿದಂತೆ ಕೀ ಸುಮ್ಮನೆ ತಿರುಗುತ್ತದೆ. ಎಷ್ಟು ಸುತ್ತಿದರೂ ಬೋಲ್ಟು ಬಿಗಿಯದು, ಹಿಂದಕ್ಕೆ ತಿರುಗಿಸಿದರೆ ಸಲೀಸಾಗಿ ಹೊರಗೂ ಬಾರದು.

ಹೋದ ಭಾನುವಾರ ಬೆಳಿಗ್ಗೆ ಅಪ್ಪನ ಯೆಜ್ಡಿ ಬೈಕಿನ ಎಡಗಡೆಯ ಇಂಜಿನ್ ಕವರಿನ ಮೇಲೆ ನನ್ನ ಕೈಯಲ್ಲಿ ಆದದ್ದು ಇದೇ. ಅಪ್ಪ ಇಪ್ಪತ್ತೆಂಟು ವರ್ಷ ಓಡಿಸಿದ ಗಾಡಿ. ಅವರು ಇರುವವರೆಗೆ ಆ ಇಂಜಿನ್ನಿನ ಒಂದು ಥ್ರೆಡ್ಡೂ ಹೋಗಿರಲಿಲ್ಲ. ಅರೆಕ್ಷಣ ಉಸಿರು ನಿಂತಂತಾಯಿತು. ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತೇ ಇದ್ದೆ, ಕೈಯಲ್ಲಿ ಅಲೆನ್ ಕೀ, ಎದುರಿಗೆ ಮೆಲ್ಲಗೆ ಆಡುತ್ತಿದ್ದ ಹೊಳೆಯುವ ಹೊಸ ಬೋಲ್ಟು.

ಬುಧವಾರ ಗಾಡಿಯನ್ನು ತಳ್ಳಿಕೊಂಡೇ ಯಾದವಗಿರಿಯ ಕಡೆ ಹೊರಟೆ.

ಮೈಸೂರಿನಲ್ಲಿ ಹಳೆಯ ಯೆಜ್ಡಿಗೆ ಮದ್ದು ಹುಡುಕಬೇಕೆಂದರೆ ಅದು ಹುಟ್ಟಿದ ಬೀದಿಗಳ ಆಸುಪಾಸಿನಲ್ಲೇ ಹುಡುಕಬೇಕು. ಐಡಿಯಲ್ ಜಾವಾ ಕಾರ್ಖಾನೆ ಇದ್ದದ್ದು ಅಲ್ಲೇ. 1961ರಲ್ಲಿ ಜಾವಾ ಹೆಸರಿನಲ್ಲಿ ಗಾಡಿಗಳು ಹೊರಬರತೊಡಗಿದವು, ಎಪ್ಪತ್ತರ ದಶಕದಲ್ಲಿ ಅವೇ ಯೆಜ್ಡಿ ಆದವು, 1996ರಲ್ಲಿ ಕಾರ್ಖಾನೆಯ ಬಾಗಿಲು ಮುಚ್ಚಿತು. ಬಾಗಿಲು ಮುಚ್ಚಿದರೂ ಒಳಗಿದ್ದ ಕೈಗಳು ಊರಲ್ಲೇ ಉಳಿದವು. ನಾನು ಹೋದದ್ದು ಅಂಥ ಒಂದು ಜೊತೆ ಕೈಗಳಿರುವ ಗ್ಯಾರೇಜಿಗೆ. ಬೋರ್ಡಿಲ್ಲ. ಒಂದು ಹೊಂಗೆಮರ, ಅದರ ಬುಡದಲ್ಲಿ ಆಯಿಲ್ ಕುಡಿದು ಕಪ್ಪಾದ ನೆಲ, ತಗಡಿನ ಮಾಡು, ಒಳಗೆ ಗೋಡೆಯುದ್ದಕ್ಕೂ ಮೊಳೆಗೆ ನೇತುಹಾಕಿದ ಸ್ಪ್ಯಾನರುಗಳು. ಎಷ್ಟೋ ವರ್ಷಗಳಿಂದ ಅದೇ ಮೊಳೆಗೆ ಅದೇ ಸ್ಪ್ಯಾನರು ತೂಗಿ ತೂಗಿ ಸುಣ್ಣದ ಮೇಲೆ ಪ್ರತಿಯೊಂದರ ನೆರಳಿನಂಥ ಕಪ್ಪು ಗುರುತು ಮೂಡಿದೆ. ಬೆಂಚಿನ ಮೇಲೆ ಹಾರ್ಲಿಕ್ಸ್ ಬಾಟಲಿಗಳು. ಒಂದರಲ್ಲಿ ಆರು ಮಿಲಿಮೀಟರಿನ ಬೋಲ್ಟು, ಇನ್ನೊಂದರಲ್ಲಿ ಎಂಟರದು, ಮತ್ತೊಂದರಲ್ಲಿ ತಾಮ್ರದ ವಾಷರು. ಸೀಮೆಎಣ್ಣೆ, ಹಳೆ ಗೇರ್ ಆಯಿಲ್, ಆಗತಾನೆ ತರಿಸಿದ ಟೀ, ಮೂರರ ವಾಸನೆಯೂ ಬೆರೆತು ಬರುತ್ತಿತ್ತು. ದೂರದಲ್ಲಿ ರೈಲು ಹೋದಾಗ ಬಾಟಲಿಗಳೊಳಗಿನ ಬೋಲ್ಟುಗಳು ಸಣ್ಣಗೆ ಕಿಣಿಕಿಣಿ ಅನ್ನುತ್ತಿದ್ದವು.

ಯಜಮಾನರನ್ನು ಎಲ್ಲರೂ ಕರೆಯುವುದು ಅಣ್ಣ ಎಂದೇ. ಎಪ್ಪತ್ತರ ಅಂಚಿನ ಮನುಷ್ಯ, ಹರೆಯದಲ್ಲೇ ಕಾರ್ಖಾನೆ ಸೇರಿದವರು, ಅದು ಮುಚ್ಚುವವರೆಗೂ ಅಲ್ಲೇ ಇದ್ದವರು. ನಾನು ಹೇಳಿದ್ದನ್ನು ಪೂರ್ತಿ ಕೇಳಿದರು. ಬೈಯಲಿಲ್ಲ. ಮಂಡಿಯೂರಿ ಕೂತು, ಎರಡು ಬೆರಳಲ್ಲಿ ಬೋಲ್ಟಿನ ತಲೆ ಹಿಡಿದು, ಹೊರಕ್ಕೆ ಎಳೆಯುತ್ತಲೇ ನಿಧಾನವಾಗಿ ತಿರುಗಿಸಿ ತೆಗೆದರು. ಬನಿಯನ್ ವೇಸ್ಟಿನಲ್ಲಿ ಒರೆಸಿ ನನ್ನ ಅಂಗೈ ಮೇಲಿಟ್ಟರು.

“ಏನು ಕಾಣ್ಸುತ್ತೆ ಸಾರ್?”

ಬೋಲ್ಟಿನ ಹಲ್ಲುಗಳ ಸಂದಿಯಲ್ಲಿ ಬೆಳ್ಳಿಯ ಸಣ್ಣ ಜರಿಯಂಥದ್ದು ಸುತ್ತಿಕೊಂಡಿತ್ತು.

“ಅದು ನಿಮ್ ಇಂಜಿನ್ನು. ಬೋಲ್ಟಿಗೆ ಏನೂ ಆಗಿಲ್ಲ ನೋಡಿ. ಕಬ್ಬಿಣ ಗೆದ್ದು ಬಂದ್ಬಿಟ್ಟಿದೆ.”

ಆ ಜರಿಯನ್ನು ಉಗುರಿನಲ್ಲಿ ಬಿಡಿಸಿದೆ. ಸುರುಳಿ ಸುರುಳಿಯಾಗಿ ಬಂತು, ಹೆಂಚಿನ ಅಂಚಿನಿಂದ ಎಬ್ಬಿಸಿದ ದೋಸೆಯ ಗರಿಯಂತೆ ತೆಳ್ಳಗೆ. ಕವರು ಕೂರುವ ಕ್ರ್ಯಾಂಕ್‌ಕೇಸು ಅಲ್ಯೂಮಿನಿಯಂ ಎರಕ. ಅಲ್ಯೂಮಿನಿಯಂ ಹಗುರ, ಉಕ್ಕಿನ ಮೂರನೇ ಒಂದು ಭಾಗದಷ್ಟೇ ತೂಕ. ಶಾಖವನ್ನು ಬೇಗ ಹೊರಗೆ ದಾಟಿಸುತ್ತದೆ, ಅಚ್ಚಿನಲ್ಲಿ ಚೆನ್ನಾಗಿ ಹರಿದು ಕೂರುತ್ತದೆ. 1903ರಲ್ಲಿ ರೈಟ್ ಸಹೋದರರು ಹಾರಿಸಿದ ವಿಮಾನದ ಇಂಜಿನ್ನಿಗೂ ಅಲ್ಯೂಮಿನಿಯಂ ಎರಕದ ಕ್ರ್ಯಾಂಕ್‌ಕೇಸೇ ಇತ್ತು. ಇಷ್ಟು ಗುಣಗಳ ಜೊತೆಗೆ ಮೆತ್ತಗಿನ ಸ್ವಭಾವವೂ ಅದರದ್ದು. ಅದೇ ಎಳೆತಕ್ಕೆ ಉಕ್ಕು ಒಂದು ಪಾಲು ಹಿಗ್ಗಿದರೆ ಅದು ಮೂರು ಪಾಲು ಹಿಗ್ಗುತ್ತದೆ. ಉಕ್ಕಿನ ಹಲ್ಲೂ ಅಲ್ಯೂಮಿನಿಯಂ ಹಲ್ಲೂ ಒಂದನ್ನೊಂದು ಕಚ್ಚಿ ಹಿಡಿದಿರುವಾಗ ಮಿತಿ ಮೀರಿ ಎಳೆದರೆ ಯಾವುದು ಕಿತ್ತು ಬರುತ್ತದೆ ಎಂಬುದರಲ್ಲಿ ಅನುಮಾನವೇ ಇಲ್ಲ.

ಅಣ್ಣ ಅಷ್ಟಕ್ಕೇ ಬಿಡಲಿಲ್ಲ. ಕವರು ಬಿಚ್ಚಿ, ಸೈಕಲ್ಲಿನ ಒಂದು ಕಡ್ಡಿ ತಂದು ಕ್ರ್ಯಾಂಕ್‌ಕೇಸಿನ ಆ ತೂತಿನೊಳಗೆ ಇಳಿಸಿ, ಬಾಯಿಯ ಮಟ್ಟಕ್ಕೆ ಉಗುರಿಟ್ಟು ಹಿಡಿದು ಹೊರತೆಗೆದು ಅಳೆದರು. ಹದಿನಾರು ಮಿಲಿಮೀಟರು ಆಳ. ನಂತರ ನನ್ನ ಬೋಲ್ಟನ್ನು ಕವರಿನ ತೂತಿಗೆ ತೂರಿಸಿ ಆ ಬದಿಗೆ ಎಷ್ಟು ಇಣುಕುತ್ತದೆ ನೋಡಿದರು. ಬರೀ ಐದು ಮಿಲಿಮೀಟರು.

ತಪ್ಪು ಎಲ್ಲಿ ಶುರುವಾಯಿತೆಂದು ನನಗೆ ಆಗ ಗೊತ್ತಾಯಿತು. ಕವರಿನ ಮೂಲ ಸ್ಕ್ರೂಗಳು ನೆತ್ತಿಯ ಮೇಲೆ ಸೀಳಿರುವ ಹಳೇ ಬಗೆಯವು, ಒಂದೊಂದು ಜಾಗಕ್ಕೆ ಒಂದೊಂದು ಉದ್ದ. ತಲೆ ಸವೆದಿವೆ, ನೋಡಲು ಚೆನ್ನಾಗಿಲ್ಲವೆಂದು ಅವನ್ನು ತೆಗೆದು, ಎಲ್ಲ ಒಂದೇ ಉದ್ದದ ಸ್ಟೇನ್‌ಲೆಸ್ ಸ್ಟೀಲ್ ಅಲೆನ್ ಬೋಲ್ಟುಗಳನ್ನು ಕೊಂಡು ಹಾಕಿದ್ದೆ. ಆಳವಾದ ತೂತಿಗೆ ಗಿಡ್ಡ ಬೋಲ್ಟು. ಮೇಲಿನ ನಾಲ್ಕೈದು ಎಳೆ ಮಾತ್ರ ಕಚ್ಚಿಕೊಂಡಿದ್ದವು, ಕೆಳಗಿನ ಹನ್ನೊಂದು ಮಿಲಿಮೀಟರಿನ ಒಳ್ಳೆಯ ಥ್ರೆಡ್ಡು ಯಾರಿಗೂ ಬೇಡವಾಗಿ ಕೂತಿತ್ತು.

ಉಕ್ಕಿಗೆ ಉಕ್ಕಿನ ಬೋಲ್ಟು ಹಾಕುವಾಗ ಅದರ ದಪ್ಪ ಎಷ್ಟೋ ಅಷ್ಟೇ ಆಳ ಕಚ್ಚಿದರೆ ಸಾಕು. ಅಲ್ಯೂಮಿನಿಯಮ್ಮಿಗೆ ಅದು ಸಾಲದು. ದಪ್ಪದ ಒಂದೂವರೆ ಪಟ್ಟು, ಜಾಗವಿದ್ದರೆ ಎರಡು ಪಟ್ಟು ಇಳಿಯಬೇಕು. ಆರು ಮಿಲಿಮೀಟರಿನ ಬೋಲ್ಟಾದರೆ ಒಂಬತ್ತರಿಂದ ಹನ್ನೆರಡು ಮಿಲಿಮೀಟರು. ಇಷ್ಟಾಗಿಯೂ ಭಾರವೆಲ್ಲ ಸಮನಾಗಿ ಹಂಚಿಹೋಗುವುದಿಲ್ಲ. ಬೋಲ್ಟಿನ ತಲೆಗೆ ಹತ್ತಿರವಾದ ಮೊದಲ ಎಳೆಯೇ ಮೂರರಲ್ಲಿ ಒಂದು ಪಾಲನ್ನು ಹೊರುತ್ತದೆ, ಅದರ ಹಿಂದಿನದು ಕಡಿಮೆ, ಅದರ ಹಿಂದಿನದು ಇನ್ನೂ ಕಡಿಮೆ. ಹೊರಲು ಇರುವವೇ ನಾಲ್ಕೈದು ಎಳೆಗಳಾದರೆ ಮೊದಲನೆಯದು ಜಾರಿದ ಮರುಗಳಿಗೆಗೆ ಎರಡನೆಯದರ ಸರದಿ. ನನ್ನ ಕೈಗೆ ಬೆಣ್ಣೆಯಂತೆ ಅನ್ನಿಸಿದ್ದು ಒಂದರ ಹಿಂದೊಂದು ಎಳೆ ಹರಿದುಹೋದದ್ದು.

ಅಲೆನ್ ಕೀಯ ಪಾಲೂ ಇತ್ತು. ಸೀಳುತಲೆಯ ಸ್ಕ್ರೂಗೆ ಸ್ಕ್ರೂಡ್ರೈವರ್ ಹಾಕಿ ಎಷ್ಟು ತಿಪ್ಪರಲಾಗ ಹಾಕಿದರೂ ಅಲ್ಯೂಮಿನಿಯಂ ಕೀಳುವಷ್ಟು ಬಲ ಬರುವುದಿಲ್ಲ, ಅದಕ್ಕೂ ಮೊದಲೇ ತುದಿ ಜಾರಿ ಎಚ್ಚರಿಸುತ್ತದೆ. ಅಲೆನ್ ಕೀ ಜಾರುವುದಿಲ್ಲ. ಆರು ಮಿಲಿಮೀಟರಿನ ಬೋಲ್ಟು ಇಂಥ ಕವರಿನಲ್ಲಿ ತಾಳುವುದು ಸುಮಾರು ಎಂಟರಿಂದ ಹತ್ತು ನ್ಯೂಟನ್ ಮೀಟರ್. ಒಂದು ಮೀಟರ್ ಉದ್ದದ ಕೋಲಿನ ತುದಿಗೆ ಒಂದು ಕಿಲೋ ಅಕ್ಕಿ ತೂಗುಹಾಕಿದಷ್ಟು ತಿರುಚು. ಹತ್ತು ಸೆಂಟಿಮೀಟರಿನ ಕೀ ಹಿಡಿದವನಿಗೆ ಅದು ಒಂಬತ್ತು ಹತ್ತು ಕಿಲೋ ಒತ್ತಿದಂತೆ. ತುಂಬಿದ ಕೊಡ ಎತ್ತುವ ಯಾವ ಕೈಯೂ ಅದರ ಎರಡರಷ್ಟನ್ನು ಯೋಚಿಸದೆಯೇ ಒತ್ತಿಬಿಡಬಲ್ಲದು. ಆದ್ದರಿಂದಲೇ ಅಣ್ಣ ಅಲೆನ್ ಕೀಯನ್ನು ಉಲ್ಟಾ ಹಿಡಿಯುತ್ತಾರೆ, ಉದ್ದ ಕಾಲು ಬೋಲ್ಟಿನೊಳಗೆ, ಗಿಡ್ಡ ಕಾಲು ಬೆರಳಲ್ಲಿ.

ತೂತನ್ನು ಸರಿಮಾಡುವ ಮೊದಲು ಅವರಿಗೆ ಬೇರೆ ಕೆಲಸವಿತ್ತು. ಮರದ ಬುಡದಲ್ಲಿ ಕಾರವಾರದ ಕಡೆಯ ನಂಬರಿನ ಗಾಡಿಯೊಂದು ಒರಗಿತ್ತು. ಅದರ ಕವರಿನ ಬೋಲ್ಟುಗಳ ತಲೆಯ ಸುತ್ತ ಉಪ್ಪಿನ ಪುಡಿ ಉದುರಿಸಿದಂತೆ ಬೆಳ್ಳನೆಯ ಹುಡಿ. ಕಡಲ ಗಾಳಿಯ ಉಪ್ಪು ನೀರಿನ ಜೊತೆ ಸೇರಿ ಎರಡು ಲೋಹಗಳ ನಡುವೆ ಕೂತರೆ ಅಲ್ಲೊಂದು ಸಣ್ಣ ಬ್ಯಾಟರಿಯೇ ಹುಟ್ಟಿಕೊಳ್ಳುತ್ತದೆ. ಅದರಲ್ಲಿ ಕರಗುವ ಸರದಿ ಅಲ್ಯೂಮಿನಿಯಮ್ಮಿನದು. ಕರಗಿದ್ದು ಬಿಳಿ ಹುಡಿಯಾಗಿ, ಮೊದಲಿಗಿಂತ ಹೆಚ್ಚು ಜಾಗ ಬೇಡುತ್ತಾ, ಎಳೆಗಳ ಸಂದಿಯಲ್ಲಿ ಉಬ್ಬಿ ಬೋಲ್ಟನ್ನು ಕಚ್ಚಿ ಹಿಡಿಯುತ್ತದೆ. ಸ್ಟೇನ್‌ಲೆಸ್ ಬೋಲ್ಟು ತಾನು ತುಕ್ಕು ಹಿಡಿಯದೆ ಚೆಂದವಾಗಿರುತ್ತದೆ, ಸುತ್ತಲಿನ ಅಲ್ಯೂಮಿನಿಯಂ ಮಾತ್ರ ಸೊರಗುತ್ತದೆ. ಇಂಥದ್ದನ್ನು ಒಂದೇ ಉಸಿರಿಗೆ ಬಿಚ್ಚಲು ಹೋದರೆ ಬೋಲ್ಟಿನ ಜೊತೆ ಥ್ರೆಡ್ಡೂ ಕಿತ್ತು ಬರುತ್ತದೆ.

ಹಿಂದಿನ ರಾತ್ರಿಯೇ ಬೋಲ್ಟುಗಳ ಬುಡಕ್ಕೆ ಎಣ್ಣೆ ಬಿಟ್ಟಿದ್ದರಂತೆ. ಈಗ ಗ್ಯಾರೇಜಿನ ಕೆಲಸದ ಹುಡುಗ ಹಾಟ್ ಏರ್ ಗನ್ ಹಿಡಿದು ಬೋಲ್ಟನ್ನು ಬಿಟ್ಟು ಅದರ ಸುತ್ತಲಿನ ಜಾಗವನ್ನು ಕಾಯಿಸಿದ. ಅಷ್ಟೇ ಬಿಸಿಗೆ ಅಲ್ಯೂಮಿನಿಯಂ ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುವುದರಿಂದ ತೂತು ಬೋಲ್ಟಿಗಿಂತ ಹೆಚ್ಚು ಅಗಲವಾಗುತ್ತದೆ, ಹಿಡಿತ ಸಡಿಲುತ್ತದೆ. ಅಣ್ಣ ಕೂದಲೆಳೆಯಷ್ಟು ಬಿಚ್ಚುವ ಕಡೆಗೆ, ಅಷ್ಟೇ ಬಿಗಿಯುವ ಕಡೆಗೆ, ಮತ್ತೆ ಬಿಚ್ಚುವ ಕಡೆಗೆ ಆಡಿಸುತ್ತಾ ಕೂತರು. ಹತ್ತು ನಿಮಿಷವಾಯಿತು. ಕೀರ್ ಅಂತ ಒಣ ಬಾಗಿಲ ಸದ್ದು ಬಂದ ಮೇಲೆ ಬೋಲ್ಟು ಬಿಟ್ಟುಕೊಟ್ಟಿತು. ಹಾಗೆಂದು ಬಿಸಿ ಎಲ್ಲ ಕಡೆಗೂ ಒಳ್ಳೆಯದೆಂದು ತಿಳಿಯಬಾರದು. ಓಡಿ ಬಂದ ಇಂಜಿನ್ನಿನ ಸ್ಪಾರ್ಕ್ ಪ್ಲಗ್ಗನ್ನು ಕಾದ ಹೆಡ್ಡಿನಿಂದ ಬಿಚ್ಚಬಾರದು. ಬಿಸಿಯಲ್ಲಿ ಅಲ್ಯೂಮಿನಿಯಂ ಇನ್ನೂ ಮೆತ್ತಗಿರುತ್ತದೆ, ಎಳೆಗಳ ಸಂದಿಯಲ್ಲಿ ಮಸಿಯೂ ಕೂತಿರುತ್ತದೆ. ಹೆಡ್ಡು ತಣ್ಣಗಾಗಿ ಅಂಗೈ ಇಟ್ಟರೆ ಸುಡದಂತಾದ ಮೇಲೆಯೇ ಪ್ಲಗ್ಗಿಗೆ ಸ್ಪ್ಯಾನರು. ಹೊಸ ಪ್ಲಗ್ಗು ಹಾಕುವಾಗ ಬೆರಳಲ್ಲೇ ಪೂರ್ತಿ ಇಳಿಸಿ, ವಾಷರು ತಾಗಿದ ಮೇಲೆ ಅರ್ಧ ಸುತ್ತು, ಬಹಳವೆಂದರೆ ಮುಕ್ಕಾಲಿಗೂ ಕಡಿಮೆ.

ಆಮೇಲೆ ನನ್ನ ಗಾಡಿಯ ಸರದಿ ಬಂತು.

ಇಂಥ ತೂತುಗಳಿಗೆ ಊರಲ್ಲಿ ನಾನಾ ಬಗೆಯ ತೇಪೆಗಳಿವೆ. ಬೋಲ್ಟಿಗೆ ಟೆಫ್ಲಾನ್ ಟೇಪು ಸುತ್ತಿ ತುರುಕುತ್ತಾರೆ, ಎಂ-ಸೀಲ್ ಮೆತ್ತುತ್ತಾರೆ, ಇಲ್ಲವೇ ಸೀದಾ ಎಂಟು ಮಿಲಿಮೀಟರಿಗೆ ಕೊರೆದು ದಪ್ಪ ಬೋಲ್ಟು ಹೊಡೆಯುತ್ತಾರೆ. ಅಣ್ಣ ಹೆಲಿಕಾಯಿಲ್ ಪೆಟ್ಟಿಗೆ ತೆರೆದರು. ಸ್ಟೇನ್‌ಲೆಸ್ ತಂತಿಯನ್ನು ಸ್ಪ್ರಿಂಗಿನಂತೆ ಸುತ್ತಿದ ಪುಟ್ಟ ಸುರುಳಿಗಳು, ಬೊಂಬೆಯ ಕೈಬಳೆಗಳ ಕಟ್ಟಿನಂತೆ. ಆ ತಂತಿಯ ಅಡ್ಡಸೀಳು ದುಂಡಗಿಲ್ಲ, ವಜ್ರದ ಗುರುತಿನ ಹಾಗಿದೆ. ಹೊರಬದಿಯ ಚೂಪು ಅಲ್ಯೂಮಿನಿಯಮ್ಮಿನ ಎಳೆಗೆ ಕೂರುತ್ತದೆ, ಒಳಬದಿಯ ಚೂಪು ಬೋಲ್ಟಿಗೆ ಎಳೆಯಾಗುತ್ತದೆ. ವಿಮಾನಗಳ ಅಲ್ಯೂಮಿನಿಯಂ ಭಾಗಗಳಲ್ಲಿ ಥ್ರೆಡ್ಡು ಹೋಗುವವರೆಗೆ ಕಾಯದೆ ಮೊದಲಿನಿಂದಲೇ ಇವನ್ನು ಕೂರಿಸುವುದುಂಟು.

6.3 ಮಿಲಿಮೀಟರಿನ ಬಿಟ್ಟನ್ನು ಡ್ರಿಲ್ಲಿಗೆ ಹಾಕಿದರು. ಆಳಕ್ಕೆ ಗುರುತಾಗಿ ಬಿಟ್ಟಿಗೆ ಟೇಪು ಸುತ್ತಿದರು. ಹುಡುಗನನ್ನು ಪಕ್ಕಕ್ಕೆ ಕೂರಿಸಿ, “ನೆಟ್ಟಗಿದೆಯಾ ನೋಡ್ತಿರೋ” ಎಂದು ತಾವು ಮುಂದಿನಿಂದ ನೋಡುತ್ತಾ ಕೊರೆದರು. ನಂತರ ಎಳೆ ಕೊರೆಯುವ ಟ್ಯಾಪು. ಅದರ ತೋಡುಗಳಿಗೆ ಗ್ರೀಸು ಮೆತ್ತಿದರು, ಉದುರುವ ಚೂರು ಒಳಗೆ ಬೀಳದೆ ಅಂಟಿಕೊಳ್ಳಲೆಂದು. ಮೇಲೆ ಎರಡು ಹನಿ ಸೀಮೆಎಣ್ಣೆ. ಅಲ್ಯೂಮಿನಿಯಂ ಕಡಿಯುವಾಗ ಸೀಮೆಎಣ್ಣೆ ಚೆನ್ನಾಗಿ ಒಗ್ಗುತ್ತದೆ, ಅದಿಲ್ಲದಿದ್ದರೆ ಚೂರುಗಳು ಟ್ಯಾಪಿನ ಹಲ್ಲಿಗೇ ಮೆತ್ತಿಕೊಂಡು ಎಳೆಯನ್ನು ಕಿತ್ತುಹಾಕುತ್ತವೆ. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಹಿಂದೆ ತಿರುಗಿದಾಗಲೆಲ್ಲ ಚಿಟ್ ಎಂದು ಒಂದು ಚೂರು ಮುರಿಯುವ ಸದ್ದು. ಇಡೀ ಗ್ಯಾರೇಜು ಆ ಸದ್ದನ್ನೇ ಕೇಳುತ್ತಿರುವಂತಿತ್ತು. ಟೀ ತಂದ ಹುಡುಗನೂ ತಟ್ಟೆ ಹಿಡಿದುಕೊಂಡು ನಿಂತ.

ತೂತನ್ನು ಪೆಟ್ರೋಲಿನಲ್ಲಿ ತೊಳೆದು, ಪಂಪಿನಿಂದ ಗಾಳಿ ಹೊಡೆದು, ಕಡ್ಡಿಗೆ ಬಟ್ಟೆ ಸುತ್ತಿ ಒರೆಸಿದರು. ಒಂದು ಕೊನೆ ಮುಚ್ಚಿದ ಇಂಥ ತೂತಿನ ತಳದಲ್ಲಿ ಎಣ್ಣೆ ನಿಂತಿದ್ದರೆ ಬೋಲ್ಟು ಇಳಿಯುವಾಗ ಅದಕ್ಕೆ ಹೋಗಲು ದಾರಿಯಿರುವುದಿಲ್ಲ. ನೀರು ತುಂಬಿದ ಪಿಚಕಾರಿಯ ಬಾಯಿ ಮುಚ್ಚಿ ಒತ್ತಿದ ಹಾಗಾಗಿ ಎರಕವೇ ಬಿರುಕು ಬಿಡಬಹುದು. ಎಲ್ಲ ಒಣಗಿದ ಮೇಲೆ ಸುರುಳಿಯನ್ನು ಅದರ ಕಡ್ಡಿಗೆ ಸಿಕ್ಕಿಸಿ, ಒತ್ತದೆ, ಬರೀ ತಿರುಗಿಸುತ್ತಾ ಒಳಗಿಳಿಸಿದರು. ಬಾಯಿಗಿಂತ ಅರ್ಧ ಎಳೆಯಷ್ಟು ಕೆಳಗೆ ನಿಲ್ಲಿಸಿದರು. ತಳದಲ್ಲಿ ಅಡ್ಡವಾಗಿದ್ದ ಬಾಲವನ್ನು ಕಡ್ಡಿಯಿಂದ ಒಂದೇ ಏಟಿಗೆ ಮುರಿದು, ಮ್ಯಾಗ್ನೆಟ್ಟು ತುದಿಯ ಕೋಲಿಗೆ ಅದು ಅಂಟುತ್ತದೋ ಎಂದು ನೋಡಿ, ಅಂಟದಿದ್ದಾಗ ಗ್ರೀಸು ಹಚ್ಚಿದ ಕಡ್ಡಿಯಲ್ಲಿ ಎತ್ತಿ ತೆಗೆದರು. ಈಗ ಆ ತೂತು ಮೊದಲಿಗಿಂತ ಗಟ್ಟಿ. ಬೋಲ್ಟು ಕಚ್ಚುವುದು ಉಕ್ಕನ್ನು, ಉಕ್ಕಿನ ಸುರುಳಿ ಕಚ್ಚುವುದು ಹೆಚ್ಚು ಅಗಲದ ಅಲ್ಯೂಮಿನಿಯಮ್ಮನ್ನು. ಮತ್ತೆ ಮತ್ತೆ ಬಿಚ್ಚಿದರೂ ಸವೆತವೆಲ್ಲ ಆ ಸುರುಳಿಯದು.

“ಹೋದ್ಮೇಲೆ ಮಾಡೋದು ಇಷ್ಟು ಕೆಲಸ. ಹೋಗದೆ ಇರೋ ಹಾಗೆ ಮಾಡೋದು ಎರಡು ನಿಮಿಷ,” ಎಂದು ಅಣ್ಣ ಕೈ ಒರೆಸಿಕೊಂಡರು. ಆ ಎರಡು ನಿಮಿಷವನ್ನು ಹುಡುಗನಿಗೆ ಬಿಟ್ಟುಕೊಟ್ಟರು.

ಹದಿನಾರು ಹದಿನೇಳರ ಹುಡುಗ, ಕೆಲಸಕ್ಕೆ ಸೇರಿ ಆರು ತಿಂಗಳಂತೆ. ಹಳೇ ರಟ್ಟಿನ ತುಂಡೊಂದರ ಮೇಲೆ ಕವರಿನ ಆಕಾರವನ್ನು ಬಾಲ್‌ಪೆನ್ನಿನಲ್ಲಿ ಬರೆದು, ಸುತ್ತ ತೂತು ಮಾಡಿ, ಯಾವ ಜಾಗದ ಬೋಲ್ಟು ಯಾವುದೋ ಅದನ್ನು ಅಲ್ಲೇ ಚುಚ್ಚಿಟ್ಟ. ನನ್ನ ಗಿಡ್ಡ ಬೋಲ್ಟುಗಳ ಜಾಗಕ್ಕೆ ಬಾಟಲಿಯಿಂದ ಸರಿಯಾದ ಉದ್ದದವನ್ನು ಹುಡುಕಿ ಇಟ್ಟುಕೊಂಡಿದ್ದ. ಎಳೆಗಳನ್ನು ವೈರ್ ಬ್ರಷ್ಷಿನಿಂದ ಉಜ್ಜಿ, ಬೆರಳ ತುದಿಯಲ್ಲಿ ಆ್ಯಂಟಿ-ಸೀಜ್ ಪೇಸ್ಟನ್ನು ಕಾಡಿಗೆ ತೀಡಿದಷ್ಟು ಹಚ್ಚಿದ. ಎರಡು ಲೋಹಗಳ ನಡುವೆ ಅದೊಂದು ತೆಳು ಪರದೆ. ಕಾರವಾರದ ಗಾಡಿಗೆ ಆದದ್ದು ಆಗದಿರಲಿ ಎಂದು.

ಮೊದಲ ಬೋಲ್ಟನ್ನು ಬೆರಳಲ್ಲಿ ಹಿಡಿದು ಮುಂದಕ್ಕೆ ತಿರುಗಿಸಲು ಹೋದ. ಅಣ್ಣ “ಲೋ” ಎಂದರು, ಅಷ್ಟೇ. ಹುಡುಗ ನಿಲ್ಲಿಸಿ, ಬೋಲ್ಟನ್ನು ಹಿಂದಕ್ಕೆ, ಬಿಚ್ಚುವ ಕಡೆಗೆ ತಿರುಗಿಸಿದ. ನಿಧಾನವಾಗಿ. ಅರ್ಧ ಸುತ್ತು, ಮುಕ್ಕಾಲು ಸುತ್ತು. ಟಿಕ್. ಬೋಲ್ಟು ಒಂದು ಮೆಟ್ಟಿಲು ಇಳಿದಂತೆ ಕೆಳಗೆ ಬಿತ್ತು. ಎಳೆಯ ಬಾಯಿಗೆ ಎಳೆಯ ಬಾಯಿ ಸಿಕ್ಕಿತು. ಅಲ್ಲಿಂದ ಮುಂದಕ್ಕೆ ತಿರುಗಿಸಿದರೆ ಎಣ್ಣೆಯಲ್ಲಿ ಜಾರಿದಂತೆ ಹೋಯಿತು.

ನನಗೆ ಅಜ್ಜಿಯ ನೆನಪಾಯಿತು. ಬೆಂಡೋಲೆಯ ತಿರುಪು ಹಾಕಿಕೊಳ್ಳುವಾಗ ಅಜ್ಜಿ ಕನ್ನಡಿ ನೋಡುತ್ತಿರಲಿಲ್ಲ. ಕಿವಿಯ ಹಿಂದೆ ಎರಡು ಬೆರಳಿಟ್ಟು ತಿರುಪನ್ನು ಮೊದಲು ಹಿಂದಕ್ಕೆ ಸುತ್ತುತ್ತಿದ್ದರು, ಅದು ಕೂತಿತೆಂದು ಬೆರಳಿಗೆ ಗೊತ್ತಾದ ಮೇಲೆ ಮುಂದಕ್ಕೆ. ಚಿನ್ನವೂ ಮೆತ್ತಗಿನ ಲೋಹವೇ. ಅಡ್ಡಾದಿಡ್ಡಿ ಹತ್ತಿಸಿದ ತಿರುಪು ಓಲೆಯ ಎಳೆ ತಿಂದುಹಾಕುತ್ತದೆಂದು ಅಕ್ಕನಿಗೆ ಎಷ್ಟು ಸಲ ಹೇಳಿದ್ದರೋ. ಅರವತ್ತು ವರ್ಷ ಅದೇ ಓಲೆ, ಅದೇ ತಿರುಪು. ಆ ಮನೆಯಲ್ಲಿ ಬೆಳೆದ ನಾನು ಅದನ್ನು ನೋಡುತ್ತಲೇ ಇದ್ದೆ, ಬೋಲ್ಟಿನ ಹತ್ತಿರ ಕೂತಾಗ ಮಾತ್ರ ಬೆರಳಿಗೆ ಆ ನೆನಪು ಬರಲಿಲ್ಲ.

ಎಲ್ಲ ಬೋಲ್ಟುಗಳನ್ನೂ ಹುಡುಗ ಬೆರಳಲ್ಲೇ ಇಳಿಸಿದ. ಯಾವುದಾದರೂ ಎರಡನೇ ಸುತ್ತಿಗೇ ತಡೆದರೆ ಬಲ ಹಾಕದೆ ಹೊರತೆಗೆದು, ತೂತು ನೋಡಿ, ಒರೆಸಿ, ಮತ್ತೆ ಮೊದಲಿನಿಂದ. ಸ್ಪ್ಯಾನರು ಹಿಡಿದದ್ದು ಕವರು ಪೂರ್ತಿ ಕೂತ ಮೇಲೆಯೇ. ಆಗಲೂ ಒಂದನ್ನು ಬಿಗಿದ ಮೇಲೆ ಪಕ್ಕದ್ದನ್ನು ಬಿಟ್ಟು ಎದುರಿನದು, ಅದರಿಂದ ಅಡ್ಡಕ್ಕೆ ಇನ್ನೊಂದು. ಎಲ್ಲವೂ ಸ್ವಲ್ಪ, ಮತ್ತೆ ಎಲ್ಲವೂ ಇನ್ನು ಸ್ವಲ್ಪ. ಗ್ಯಾಸ್ಕೆಟ್ಟು ಒಂದೇ ಸಮನೆ ಒತ್ತಿದರೆ ಆಯಿಲ್ ತಡೆಯಲು ಅಷ್ಟು ಬಿಗಿ ಸಾಕು. ಸೋರಿಕೆಯ ಭಯಕ್ಕೆ ಬೋಲ್ಟು ಹಿಂಡುವವರು ಬಹುಪಾಲು ಹಳೇ ಗ್ಯಾಸ್ಕೆಟ್ಟನ್ನೇ ಮತ್ತೆ ಹಾಕಿರುತ್ತಾರೆ. ನಾನೂ ಹಾಗೇ ಮಾಡಿದ್ದೆ.

ಅಣ್ಣ ಬೀರುವಿನಿಂದ ಹಳೇ ಪಂಚೆಯ ತುಂಡಿನಲ್ಲಿ ಸುತ್ತಿಟ್ಟ ಟಾರ್ಕ್ ರೆಂಚನ್ನು ತೆಗೆದರು. ಹಿಡಿಯ ಮೇಲಿನ ಗೆರೆಗಳನ್ನು ಕನ್ನಡಕದ ಹತ್ತಿರ ತಂದು ತಿರುಗಿಸಿದರು. ಒಣ ಎಳೆಗೆ ಒಂಬತ್ತು ಸರಿ, ಪೇಸ್ಟು ಹಚ್ಚಿದ್ದರಿಂದ ಏಳಕ್ಕೆ ಇಳಿಸಿದರು. ಬೋಲ್ಟು ತಿರುಗಿಸಲು ನಾವು ಹಾಕುವ ಬಲದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ತಿಕ್ಕಾಟಕ್ಕೇ ಹೋಗುತ್ತದೆ, ಒಂದು ಪಾಲು ಮಾತ್ರ ಎರಡು ಭಾಗಗಳನ್ನು ಹಿಡಿದು ಒತ್ತುವ ಕೆಲಸಕ್ಕೆ. ಜಿಡ್ಡು ಬಂದು ತಿಕ್ಕಾಟ ತಗ್ಗಿತೆಂದರೆ ಅದೇ ತಿರುಚಿಗೆ ಎಳೆಯ ಮೇಲಿನ ಎಳೆತ ಬಹಳ ಏರುತ್ತದೆ. ಪುಸ್ತಕದ ಅಂಕಿಯನ್ನು ನೋಡಿ, ಎಣ್ಣೆ ಹಚ್ಚಿದ್ದನ್ನು ಮರೆತು ಥ್ರೆಡ್ಡು ಕಳೆದುಕೊಂಡವರನ್ನು ಅವರು ಬಹಳ ಕಂಡಿದ್ದಾರೆ.

ಹುಡುಗ ಒಂದೊಂದೇ ಬಿಗಿಯುತ್ತಾ ಬಂದ. ಟಕ್. ಟಕ್. ಟಕ್. ಹೊಸ ಸುರುಳಿ ಕೂರಿಸಿದ್ದ ತೂತಿನ ಹತ್ತಿರ ಬಂದಾಗ ಅಣ್ಣ ಅವನ ಭುಜ ಮುಟ್ಟಿ ನಿಲ್ಲಿಸಿದರು. ರೆಂಚನ್ನು ನನ್ನ ಕಡೆ ಚಾಚಿದರು.

“ನಿಮ್ಮ ಅಪ್ಪಾಜಿ ಗಾಡಿ. ಇದೊಂದನ್ನ ನೀವೇ ಮಾಡಿ ಸಾರ್.”

ಮಂಡಿಯೂರಿ ಕೂತೆ. ಮೊದಲ ಸುತ್ತು ಹಗುರ. ಆಮೇಲೆ ತುಸು ತಡೆ. ಮಣಿಕಟ್ಟಿನಿಂದ ಮೊಳಕೈವರೆಗೆ ಅದೇ ಬಿಗಿತ ಏರಿತು, ಭಾನುವಾರ ಏರಿದಂತೆಯೇ. ಟಕ್ ಎಂದಿತು. ಭಾನುವಾರದ ಲೆಕ್ಕಕ್ಕೆ ಇದು ಏನೂ ಸಾಲದು ಅನ್ನಿಸಿತು. ಇಷ್ಟಕ್ಕೇ ನಿಲ್ಲುತ್ತದೆಯೇ, ಆಯಿಲ್ ಸೋರದೇ ಎಂದು ಕೈ ಹಿಡಿಯ ಮೇಲೆಯೇ ಉಳಿಯಿತು. ಅಣ್ಣ ಏನೂ ಹೇಳಲಿಲ್ಲ. ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ರೆಂಚನ್ನು ತೆಗೆದುಕೊಂಡು, ಅದರ ಹಿಡಿಯನ್ನು ತಿರುಗಿಸಿ ಕೊನೆಯ ಗೆರೆವರೆಗೆ ಸಡಿಲಗೊಳಿಸಿ, ಮತ್ತೆ ಪಂಚೆಯ ತುಂಡಿನಲ್ಲಿ ಸುತ್ತಿದರು.